ಕಳಿಸಿದ ಮೇಲ್‌ಗೇ ರಿಪ್ಲೈ ಒತ್ತಿದರೆ ಯಾರಿಗೆ ಹೋಗುತ್ತೆ? ಜಿಮೇಲ್, ಔಟ್‌ಲುಕ್, ಥಂಡರ್‌ಬರ್ಡ್, ಮಟ್ ಪರೀಕ್ಷೆ

ದಾವಣಗೆರೆ ಎಪಿಎಂಸಿಯ ಮಂಡಿಯೊಂದರಿಂದ ಸೋಮವಾರ ಕೋಳಿ ಆಹಾರದ ಮಿಲ್ಲಿಗೆ ಮೆಕ್ಕೆಜೋಳದ ಕೊಟೇಶನ್ ಹೋಗಿದೆ ಅಂತಿಟ್ಟುಕೊಳ್ಳಿ. ಗುರುವಾರ ಆದರೂ ಉತ್ತರ ಇಲ್ಲ. ನೆನಪು ಮಾಡಬೇಕು. ಹೊಸ ಮೇಲ್ ಬರೆದು ‘ಮೊನ್ನೆ ಕಳಿಸಿದ್ದೆವಲ್ಲ ಸರ್, ಏನಾಯ್ತು’ ಎಂದು ಕೇಳಿದರೆ, ಮಿಲ್ಲಿನ ಖರೀದಿ ನೋಡಿಕೊಳ್ಳುವವರು ಆ ‘ಮೊನ್ನೆ’ಯದನ್ನು ರಾಶಿಯಲ್ಲಿ ಹುಡುಕಬೇಕು. ಬಹಳ ಸಲ ಹುಡುಕುವುದಿಲ್ಲ. ಸೆಂಟ್ ಫೋಲ್ಡರ್‌ಗೆ ಹೋಗಿ, ಸೋಮವಾರದ ಆ ಮೇಲನ್ನೇ ತೆರೆದು, ಅದಕ್ಕೇ ರಿಪ್ಲೈ ಕೊಟ್ಟರೆ ದರ, ತೇವಾಂಶ, ಲಾರಿ ಬಾಡಿಗೆ ಎಲ್ಲವೂ ಕೆಳಗೆ ಹಾಗೇ ಇರುತ್ತೆ. ಹೊಸದಾಗಿ ಎರಡು ಸಾಲು ಬರೆದರೆ ಮುಗೀತು.

ಇಷ್ಟು ಸರಳ ಕೆಲಸದಲ್ಲೇ ಮೇಲ್ ಪ್ರೋಗ್ರಾಂಗಳು ಒಂದೊಂದು ದಾರಿ ಹಿಡಿಯುತ್ತವೆ. ಕೆಲವು ಟು ಸಾಲಿನಲ್ಲಿ ಮಿಲ್ಲಿನವರ ವಿಳಾಸ ತುಂಬಿಸುತ್ತವೆ, ಕೆಲವು ಕಳಿಸಿದವರದನ್ನೇ ತುಂಬಿಸುತ್ತವೆ. ಎರಡನೆಯದು ಆದರೆ ನೆನಪೋಲೆ ತಿರುಗಿ ನಮ್ಮ ಇನ್‌ಬಾಕ್ಸಿಗೇ ಬಂದು ಕೂರುತ್ತೆ, ಪಾರ್ಟಿಗೆ ಗೊತ್ತೇ ಆಗಿರುವುದಿಲ್ಲ. ಮಂಡಿಪೇಟೆಯ ಬಟ್ಟೆ ಅಂಗಡಿಯಿಂದ ಸೂರತ್‌ಗೆ ಹೋಗುವ ಆರ್ಡರ್ ಇರಲಿ, ಪಿ.ಜೆ. ಬಡಾವಣೆಯ ಆಡಿಟರ್ ಆಫೀಸಿನಿಂದ ಪ್ರತಿ ತಿಂಗಳು 20ನೇ ತಾರೀಖಿನ ಜಿಎಸ್‌ಟಿಆರ್-3ಬಿ ರಿಟರ್ನ್‌ಗೆ ಮೊದಲು ಹೊರಡುವ ‘ಬಿಲ್ ಕಳಿಸಿ’ ಮೇಲ್ ಇರಲಿ, ದಿನಾ ಆಗುವ ಕೆಲಸ ಇದು. ಹಾಗಾಗಿ ಇಲ್ಲಿ ಪ್ರೋಗ್ರಾಂಗಳ ಅಂದಚೆಂದ, ಬಣ್ಣ, ವೇಗ ನೋಡಿಲ್ಲ. ಈ ಒಂದೇ ಕೆಲಸದಲ್ಲಿ ತೂಗಿದ್ದೇವೆ.

ಮೊದಲು ಕಾರಣ. ನಮ್ಮ ಕಚೇರಿ ಪತ್ರಗಳಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಅಂತ ಒಂದು ಸಾಲು ಇರುತ್ತಲ್ಲ, ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಹಾಕಿ? ಇಮೇಲ್‌ನಲ್ಲೂ ಅದೇ ವ್ಯವಸ್ಥೆ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಕಳಿಸಿದ ಪ್ರತಿ ಮೇಲ್‌ಗೂ ಮೆಸೇಜ್-ಐಡಿ ಎಂಬ ಒಂದು ಗುರುತು ಬೀಳುತ್ತೆ. ಅದು ಜಾವಕ ನಂಬರ್ ಇದ್ದ ಹಾಗೆ. ಅದಕ್ಕೆ ರಿಪ್ಲೈ ಮಾಡಿದಾಗ ಹೊಸ ಮೇಲ್‌ನ ‘ಇನ್-ರಿಪ್ಲೈ-ಟು’ ಸಾಲಿನಲ್ಲಿ ಆ ನಂಬರ್ ಕೂರುತ್ತೆ, ‘ರೆಫರೆನ್ಸಸ್’ ಸಾಲಿನಲ್ಲಿ ಹಿಂದಿನ ಪೂರ್ತಿ ಸರಪಳಿ ಕೂರುತ್ತೆ. ಇವೆರಡನ್ನು ನೋಡಿಯೇ ಆ ಕಡೆಯ ಪ್ರೋಗ್ರಾಂ ಹಳೇದು ಹೊಸದನ್ನು ಒಂದೇ ಎಳೆಯಲ್ಲಿ ಜೋಡಿಸುವುದು. ನಮ್ಮದೇ ಮೇಲ್‌ಗೆ ನಾವೇ ರಿಪ್ಲೈ ಕೊಟ್ಟರೂ ಈ ಉಲ್ಲೇಖ ಸರಿಯಾಗಿಯೇ ಬೀಳುತ್ತೆ. ಎಡವಟ್ಟಾಗುವುದು ವಿಳಾಸದಲ್ಲಿ. 2008ರ ಆರ್‌ಎಫ್‌ಸಿ 5322 ಎಂಬ ಇಮೇಲ್ ನಿಯಮಾವಳಿ, ರಿಪ್ಲೈ ಮಾಡುವಾಗ ಮೂಲ ಮೇಲ್‌ನ ‘ಫ್ರಂ’ನಲ್ಲಿ ಇದ್ದವರನ್ನೋ, ‘ರಿಪ್ಲೈ-ಟು’ ಇದ್ದರೆ ಅಲ್ಲಿರುವವರನ್ನೋ ಟು ಸಾಲಿಗೆ ಹಾಕಬಹುದು ಎನ್ನುತ್ತೆ. ನಾವು ಕಳಿಸಿದ ಮೇಲ್‌ನ ಫ್ರಂನಲ್ಲಿ ಇರುವವರು ನಾವೇ. ಅದನ್ನೇ ಅಕ್ಷರಶಃ ಪಾಲಿಸುವ ಪ್ರೋಗ್ರಾಂ ನಮಗೇ ರಿಪ್ಲೈ ತೆರೆಯುತ್ತೆ. ‘ಇದು ಇವರೇ ಕಳಿಸಿದ್ದು, ಇವರಿಗೆ ಬೇಕಾದದ್ದು ಆ ಕಡೆಯವರು’ ಎಂದು ಅರ್ಥ ಮಾಡಿಕೊಳ್ಳಲು ಪ್ರೋಗ್ರಾಂ ಬರೆದವರು ಬೇರೆಯೇ ಒಂದು ಲೆಕ್ಕ ಹಾಕಿರಬೇಕು.

ಜಿಮೇಲ್‌ನಲ್ಲಿ ಆ ಲೆಕ್ಕ ಇದೆ. ಸೆಂಟ್‌ನಿಂದ ಮೇಲ್ ತೆರೆದು ರಿಪ್ಲೈ ಒತ್ತಿದರೆ ಮೂಲದಲ್ಲಿ ಟುನಲ್ಲಿ ಇದ್ದವರೇ ಬರುತ್ತಾರೆ. ಸಿಸಿಯವರೂ ಬೇಕಿದ್ದರೆ ರಿಪ್ಲೈ ಆಲ್. ಒಂದೇ ವಿಳಾಸ ಇಟ್ಟುಕೊಂಡು ವ್ಯವಹಾರ ಮಾಡುವ ಅಂಗಡಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ. ಹಳೇ ಮೇಲ್ ಸಿಗದಿದ್ದರೆ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಇನ್, ಕೋಲನ್, ಸೆಂಟ್ ಎಂದು ಜಾಗ ಬಿಡದೆ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಟು, ಕೋಲನ್, ಪಾರ್ಟಿಯ ವಿಳಾಸ ಹಾಕಿ. ಅವರಿಗೆ ಕಳಿಸಿದ್ದು ಮಾತ್ರ ಸಾಲಾಗಿ ಬರುತ್ತೆ.

ಜಿಮೇಲ್‌ನಲ್ಲಿ ಎಳೆ ತುಂಡಾಗುವುದು ವಿಷಯದ ಸಾಲನ್ನು ಮುಟ್ಟಿದಾಗ. ಸರ್ಕಾರಿ ಪತ್ರ ವ್ಯವಹಾರದ ಅಭ್ಯಾಸ ಇರುವವರು ವಿಷಯದ ಮೊದಲಿಗೆ ‘ಜ್ಞಾಪನ-1’, ‘ಜ್ಞಾಪನ-2’ ಎಂದು ಸೇರಿಸುತ್ತಾರೆ. ಕಾಗದದಲ್ಲಿ ಅದು ಸರಿ. ಜಿಮೇಲ್ ಮಾತ್ರ ಉಲ್ಲೇಖದ ಜೊತೆಗೆ ವಿಷಯವೂ ಒಂದೇ ಇರಬೇಕು ಎನ್ನುತ್ತೆ. ಮುಂದೆ ‘ರೀ’ ಬಿದ್ದರೆ ತೊಂದರೆ ಇಲ್ಲ, ‘ಜ್ಞಾಪನ-1’ ಸೇರಿದರೆ ಅದು ಬೇರೆಯೇ ಸಂಭಾಷಣೆ, ಹಳೇ ಕೊಟೇಶನ್ ಆ ಎಳೆಯಲ್ಲಿ ಇರುವುದಿಲ್ಲ. ಜ್ಞಾಪನ ಅಂತ ಹಾಕಲೇಬೇಕಿದ್ದರೆ ಮೇಲ್‌ನ ಒಳಗೆ, ಮೊದಲ ಸಾಲಿನಲ್ಲಿ ಹಾಕಿ. ಇನ್ನೊಂದು ಮಿತಿ: ಒಂದೇ ಎಳೆಯಲ್ಲಿ 100 ಮೇಲ್ ಮೀರಿದರೆ ಜಿಮೇಲ್ ತಾನೇ ಕತ್ತರಿಸಿ ಹೊಸ ಎಳೆ ಶುರುಮಾಡುತ್ತೆ. ವರ್ಷಗಟ್ಟಲೆ ಒಂದೇ ಎಳೆಯಲ್ಲಿ ಆರ್ಡರ್ ನಡೆಸುವ ಅಂಗಡಿಗಳು ಹಳೆಯದು ‘ಕಳೆದುಹೋಯ್ತು’ ಎಂದು ಗಾಬರಿ ಬೀಳುವುದು ಇದಕ್ಕೇ. ಕಳೆದಿರುವುದಿಲ್ಲ, ಹಿಂದಿನ ತುಂಡಿನಲ್ಲಿ ಇರುತ್ತೆ.

ಜಿಮೇಲ್ ಬಳಸುವವರು ಈ ಒಂದು ಸೆಟ್ಟಿಂಗ್ ಇವತ್ತೇ ಬದಲಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಮೇಲಿನ ಹಲ್ಲುಚಕ್ರ ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ, ಜನರಲ್ ಪುಟದಲ್ಲಿ ‘ಅನ್‌ಡೂ ಸೆಂಡ್’ ಅವಧಿಯನ್ನು 5ರಿಂದ 30 ಸೆಕೆಂಡಿಗೆ ಏರಿಸಿ. ಪುಟದ ತೀರಾ ಕೆಳಗೆ ‘ಸೇವ್ ಚೇಂಜಸ್’ ಇದೆ, ಅದನ್ನು ಒತ್ತದೆ ಹೊರಬಂದರೆ ಬದಲಾವಣೆ ಉಳಿಯುವುದಿಲ್ಲ. ವಿಳಾಸ ತಪ್ಪಿದ್ದು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಸೆಂಡ್ ಒತ್ತಿದ ಮರುಕ್ಷಣವೇ, ಆಗ ಈ ಅರ್ಧ ನಿಮಿಷ ಕೈಹಿಡಿಯುತ್ತೆ.

ಔಟ್‌ಲುಕ್ ಬಗ್ಗೆ ಹೇಳುವಾಗ ಯಾವ ಔಟ್‌ಲುಕ್ ಎಂದು ಸ್ಪಷ್ಟ ಮಾಡಬೇಕು. ಇಲ್ಲಿ ನೋಡಿದ್ದು ಆಫೀಸ್ ಜೊತೆ ಬರುವ, ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್. ಊರಿನ ಅನೇಕ ಆಫೀಸುಗಳಲ್ಲಿ ಕಾಣುವುದು ಇದೇ. ಸೆಂಟ್ ಐಟಮ್ಸ್‌ನ ಮೇಲ್‌ಗೆ ರಿಪ್ಲೈ ಒತ್ತಿದರೆ ಇದರಲ್ಲಿ ಟು ಸಾಲಿಗೆ ಬರುವುದು ನಿಮ್ಮದೇ ಹೆಸರು. ಕೆಟ್ಟುಹೋಗಿದೆ ಎಂದುಕೊಳ್ಳಬೇಡಿ, ಅದು ಮಾಡಿರುವುದೇ ಹಾಗೆ. ದಾರಿ ಎಂದರೆ ರಿಪ್ಲೈ ಬಿಟ್ಟು ರಿಪ್ಲೈ ಆಲ್, ಅಂದರೆ ಕಂಟ್ರೋಲ್, ಶಿಫ್ಟ್, ಆರ್. ಆಗ ಮೂಲದ ಟು ಮತ್ತು ಸಿಸಿಯವರು ಬರುತ್ತಾರೆ. ಬಂದ ಮೇಲೆ ಎರಡು ನೋಡಿ: ನಿಮ್ಮ ವಿಳಾಸ ಉಳಿದಿದ್ದರೆ ತೆಗೆಯಿರಿ, ಈ ಸಲ ಬೇಡದ ಸಿಸಿಯವರಿದ್ದರೆ ಅವರನ್ನೂ ತೆಗೆಯಿರಿ. ಬಾಕಿ ಹಣ ನೆನಪಿಸುವ ಮೇಲ್ ಪಾರ್ಟಿಯ ಜೊತೆಗೆ ಅವರ ಟ್ರಾನ್ಸ್‌ಪೋರ್ಟ್‌ನವರಿಗೂ ಹೋದರೆ ಸಂಬಂಧ ಕೆಡುತ್ತೆ.

ಔಟ್‌ಲುಕ್‌ನ ನಿಜವಾದ ಬಲ ಇರುವುದು ‘ರೀಸೆಂಡ್ ದಿಸ್ ಮೆಸೇಜ್’ನಲ್ಲಿ. ಕಳಿಸಿದ ಮೇಲನ್ನು ಡಬಲ್ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆಯಬೇಕು, ಪಕ್ಕದ ಪೇನ್‌ನಲ್ಲಿ ನೋಡುತ್ತಿದ್ದರೆ ಈ ಬಟನ್ ಕಾಣುವುದಿಲ್ಲ. ಮೆಸೇಜ್ ಟ್ಯಾಬ್‌ನಲ್ಲಿ ಮೂವ್ ಗುಂಪಿನೊಳಗೆ ಆ್ಯಕ್ಷನ್ಸ್, ಅದರಲ್ಲಿ ರೀಸೆಂಡ್. ವಿಳಾಸ, ವಿಷಯ, ಬರಹ, ಅಟ್ಯಾಚ್‌ಮೆಂಟ್ ಎಲ್ಲಾ ಇದ್ದ ಹಾಗೇ ಹೊಸ ಮೇಲ್ ಆಗಿ ತೆರೆದುಕೊಳ್ಳುತ್ತೆ. ಪಿಡಿಎಫ್ ಹಾಕುವುದು ಮರೆತೋ, ದರದಲ್ಲಿ ಸೊನ್ನೆ ಹೆಚ್ಚಾಗಿಯೋ ಹೋದ ಮೇಲ್‌ಗೆ ಇದು ಸರಿಯಾದ ಮದ್ದು. ಆದರೆ ಇದು ರಿಪ್ಲೈ ಅಲ್ಲ, ಉಲ್ಲೇಖದ ಕೊಂಡಿ ಇದರಲ್ಲಿ ಇರುವುದಿಲ್ಲ. ಇದರ ಹತ್ತಿರವೇ ಇರುವ, ಕಳಿಸಿದ್ದನ್ನು ವಾಪಸ್ ಕರೆಸುವ ‘ರೀಕಾಲ್’ ನಂಬಿ ಕೂರಬೇಡಿ. ಅದು ನಡೆಯುವುದು ಇಬ್ಬರೂ ಒಂದೇ ಸಂಸ್ಥೆಯ ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಒಳಗೆ ಇದ್ದಾಗ ಮಾತ್ರ. ಜಿಮೇಲ್‌ನ ಪಾರ್ಟಿಗೆ ಹೋದದ್ದು ಹೋಯಿತು.

ಥಂಡರ್‌ಬರ್ಡ್‌ಗೆ ಇಲ್ಲಿ ಹೆಚ್ಚು ಜಾಗ ಕೊಡಲು ಕಾರಣ ಇದೆ. ಅಂಗಡಿಯ ಹೆಸರಿನಲ್ಲಿ ಸ್ವಂತ ಡೊಮೈನ್ ಮಾಡಿಸಿ, ಮಾರಾಟಕ್ಕೊಂದು, ಲೆಕ್ಕಕ್ಕೊಂದು, ಮಾಲೀಕರದ್ದೊಂದು ಅಂತ ಮೂರ್ನಾಲ್ಕು ವಿಳಾಸ ಇಟ್ಟುಕೊಂಡವರಿಗೆ ಒಂದೇ ಕಂಪ್ಯೂಟರಿನಲ್ಲಿ ಎಲ್ಲವನ್ನೂ ನಡೆಸಲು ಇದು ದುಡ್ಡಿಲ್ಲದೆ ಸಿಗುವ ಗಟ್ಟಿ ಸಾಧನ. ನಮ್ಮದೇ ಮೇಲ್‌ಗೆ ರಿಪ್ಲೈ ಕೊಟ್ಟರೆ ಮೂಲದ ಟುನವರನ್ನೇ ಹಾಕುವ ಲೆಕ್ಕ ಇದರಲ್ಲೂ ಇದೆ. ಮೇಲ್ ಯಾವ ಫೋಲ್ಡರಿನಲ್ಲಿದೆ ಎಂದು ಅದು ನೋಡುವುದಿಲ್ಲ. ಫ್ರಂನಲ್ಲಿರುವ ವಿಳಾಸ ನಿಮ್ಮ ಐಡೆಂಟಿಟಿಗಳ, ಅಂದರೆ ನೀವು ಕಳಿಸಲು ಬಳಸುವ ವಿಳಾಸಗಳ, ಪಟ್ಟಿಯಲ್ಲಿದೆಯೇ ಎಂದು ನೋಡುತ್ತೆ. ಹಾಗಾಗಿ ಕಳಿಸಿದ್ದನ್ನು ಪಾರ್ಟಿಯ ಹೆಸರಿನ ಫೋಲ್ಡರಿಗೆ ಸರಿಸಿಟ್ಟರೂ ರಿಪ್ಲೈ ಸರಿಯಾಗಿಯೇ ಕೆಲಸ ಮಾಡುತ್ತೆ.

ಎಡವುವ ಕಡೆ ಎರಡಿವೆ. ಮೊದಲನೆಯದು: ‘ನನಗೂ ಒಂದು ಪ್ರತಿ ಇರಲಿ’ ಎಂದು ತಮ್ಮನ್ನೇ ಸಿಸಿಯಲ್ಲಿ ಹಾಕಿಕೊಳ್ಳುವ ಅಭ್ಯಾಸ. ಟು ಅಥವಾ ಸಿಸಿಯಲ್ಲಿ ನಿಮ್ಮ ಐಡೆಂಟಿಟಿ ಕಂಡರೆ ಥಂಡರ್‌ಬರ್ಡ್ ಮೇಲಿನ ಲೆಕ್ಕವನ್ನು ಕೈಬಿಟ್ಟು, ಮಾಮೂಲಿ ರಿಪ್ಲೈ ಎಂದು ತಿಳಿದು ಫ್ರಂನವರಿಗೇ, ಅಂದರೆ ನಿಮಗೇ, ತೆರೆಯುತ್ತೆ. ಇದಕ್ಕೆ ಅರ್ಥವಿದೆ. ಒಂದೇ ಥಂಡರ್‌ಬರ್ಡ್‌ನಲ್ಲಿ ಅಪ್ಪನ ವಿಳಾಸ, ಮಗನ ವಿಳಾಸ ಎರಡೂ ಇರಬಹುದು. ಅಪ್ಪ ಮಗನಿಗೆ ಬರೆದದ್ದಕ್ಕೆ ಮಗ ರಿಪ್ಲೈ ಕೊಟ್ಟಾಗ ಅದು ಅಪ್ಪನಿಗೆ ಹೋಗಬೇಕೇ ಹೊರತು ತಿರುಗಿ ಮಗನಿಗೇ ಅಲ್ಲ. ಈ ಗೊಂದಲ ತಪ್ಪಿಸಲು ಇಟ್ಟ ಎಚ್ಚರಿಕೆ ಅದು. ಸಿಸಿಗೆ ತಮ್ಮನ್ನು ಸೇರಿಸಿಕೊಳ್ಳುವುದನ್ನು ಬಿಟ್ಟರೆ ತೊಂದರೆ ತಾನಾಗಿ ಹೋಗುತ್ತೆ. ಸೆಂಟ್‌ನಲ್ಲಿ ಪ್ರತಿ ಹೇಗೂ ಇರುತ್ತೆ. ಮಾತುಕತೆ ಪೂರ್ತಿ ಒಂದೇ ಕಡೆ ಕಾಣಬೇಕು ಎಂಬುದು ನಿಮ್ಮ ಉದ್ದೇಶವಾದರೆ ಅಕೌಂಟ್ ಸೆಟ್ಟಿಂಗ್ಸ್‌ನ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ನಲ್ಲಿ, ರಿಪ್ಲೈಗಳನ್ನು ಮೂಲ ಮೇಲ್ ಇರುವ ಫೋಲ್ಡರಿನಲ್ಲೇ ಇಡು ಎನ್ನುವ ಆಯ್ಕೆಗೆ ಟಿಕ್ ಹಾಕಿ. ಪಾರ್ಟಿಯ ಮೇಲ್, ನೀವು ಕೊಟ್ಟ ಉತ್ತರ ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ.

ಎರಡನೆಯದು: ಒಂದು ಅಕೌಂಟಿನಿಂದ ಕಳಿಸಿದ್ದನ್ನು ಇನ್ನೊಂದು ಅಕೌಂಟಿನ ಫೋಲ್ಡರಿನಲ್ಲಿ ಇಟ್ಟಿದ್ದರೆ. ಥಂಡರ್‌ಬರ್ಡ್ ಮಾಮೂಲಾಗಿ ಆ ಮೇಲ್ ಇರುವ ಅಕೌಂಟಿನ ಐಡೆಂಟಿಟಿಗಳನ್ನಷ್ಟೇ ನೋಡುತ್ತೆ. ಲೆಕ್ಕದ ವಿಳಾಸದಿಂದ ಹೋದದ್ದು ಮಾರಾಟದ ಅಕೌಂಟಿನಲ್ಲಿ ಕೂತಿದ್ದರೆ ಅದು ಬೇರೆಯವರ ಮೇಲ್ ಎಂದೇ ತಿಳಿಯುತ್ತೆ. ಇದಕ್ಕೊಂದು ಗುಪ್ತ ಸೆಟ್ಟಿಂಗ್ ಇದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದ ಕಟ್ಟಕಡೆಗೆ ‘ಕಾನ್ಫಿಗ್ ಎಡಿಟರ್’ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ರಿಪ್ಲೈ, ಟು, ಸೆಲ್ಫ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ ಟೈಪ್ ಮಾಡಿ. ‘ಚೆಕ್ ಆಲ್ ಐಡೆಂಟ್’ ಎಂದು ಕೊನೆಯಾಗುವ ಸಾಲು ಬರುತ್ತೆ. ಅದರ ಬೆಲೆ ಫಾಲ್ಸ್ ಇದ್ದದ್ದನ್ನು ಡಬಲ್ ಕ್ಲಿಕ್ ಮಾಡಿ ಟ್ರೂ ಮಾಡಿ. ಆಮೇಲೆ ಎಲ್ಲಾ ಅಕೌಂಟಿನ ಎಲ್ಲಾ ಐಡೆಂಟಿಟಿಯನ್ನೂ ನಿಮ್ಮದೆಂದೇ ಎಣಿಸುತ್ತೆ. ಕಳಿಸಲು ಬಳಸುವ ಪ್ರತಿ ವಿಳಾಸವೂ ‘ಮ್ಯಾನೇಜ್ ಐಡೆಂಟಿಟೀಸ್’ ಪಟ್ಟಿಯಲ್ಲಿ ಇದ್ದರೆ ಮಾತ್ರ ಇದು ನಡೆಯುತ್ತೆ. ಆ ಪುಟದಲ್ಲಿ ಬೇರೆ ಸಾಲುಗಳನ್ನು ಮುಟ್ಟಬೇಡಿ.

ತಿದ್ದಿ ಹೊಸದಾಗಿ ಕಳಿಸಲು ಇಲ್ಲಿ ‘ಎಡಿಟ್ ಆ್ಯಸ್ ನ್ಯೂ ಮೆಸೇಜ್’ ಇದೆ, ಮೇಲ್ ಆರಿಸಿ ಕಂಟ್ರೋಲ್, ಇ ಒತ್ತಿದರೆ ಸಾಕು. ಔಟ್‌ಲುಕ್‌ನ ರೀಸೆಂಡ್‌ಗೆ ನಾಲ್ಕು ಹೆಜ್ಜೆ ಬೇಕಾದ ಕೆಲಸ ಇದರಲ್ಲಿ ಒಂದೇ. ವಿಳಾಸವೂ ಅಟ್ಯಾಚ್‌ಮೆಂಟೂ ಉಳಿಯುತ್ತವೆ. ಉತ್ತರ ಮೇಲೆ, ಹಳೇದು ಕೆಳಗೆ ಬರಬೇಕಿದ್ದರೆ ‘ಕಾಂಪೊಸಿಷನ್ ಆ್ಯಂಡ್ ಅಡ್ರೆಸಿಂಗ್’ನಲ್ಲಿ ಕೋಟ್‌ನ (ಹಳೇ ಬರಹದ) ಮೇಲೆ ಶುರುಮಾಡು ಎಂಬುದನ್ನು ಆರಿಸಿ. ಮಂಡಿ, ಮಿಲ್ಲು, ಆಡಿಟರ್ ಎಲ್ಲರೂ ಓದುವುದು ಮೇಲಿನ ಎರಡು ಸಾಲು ಮಾತ್ರ, ಅದು ಕೆಳಗೆ ಹೂತುಹೋದರೆ ಬರೆದದ್ದು ವ್ಯರ್ಥ. ಕೆ-9 ಮೇಲ್ ಎಂಬ ಆ್ಯಪ್ ಆಧಾರದ ಮೇಲೆ ಕಟ್ಟಿದ ಥಂಡರ್‌ಬರ್ಡ್‌ನ ಆಂಡ್ರಾಯ್ಡ್ ಆವೃತ್ತಿ 2024ರ ಅಕ್ಟೋಬರ್‌ನಲ್ಲಿ ಬಂತು. ಅದೂ ಐಡೆಂಟಿಟಿ ಪಟ್ಟಿ ನೋಡಿಯೇ ತೀರ್ಮಾನ ಮಾಡುತ್ತೆ.

ಮಟ್ ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳಿರುವ ಕಿಟಕಿಯಲ್ಲಿ, ಓಡುವ, 1995ರಿಂದ ಇರುವ ಪ್ರೋಗ್ರಾಂ. ಲಿನಕ್ಸ್ ಹಿಡಿದಿರುವ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ, ಸರ್ವರ್ ನೋಡಿಕೊಳ್ಳುವವರಿಗೆ ಮಾತ್ರ. ಆದರೆ ಈ ಕೆಲಸವನ್ನು ನೇರವಾಗಿ ನಿಮ್ಮ ಕೈಗೆ ಕೊಟ್ಟಿರುವುದು ಇದೊಂದೇ: ‘ರಿಪ್ಲೈ ಸೆಲ್ಫ್’ ಎಂಬ ಸೆಟ್ಟಿಂಗ್ ಆಫ್ ಇದ್ದಾಗ ನಿಮ್ಮ ಮೇಲ್‌ಗೆ ಕೊಟ್ಟ ರಿಪ್ಲೈ ಪಾರ್ಟಿಗೆ ಹೋಗುತ್ತೆ, ಆನ್ ಮಾಡಿದರೆ ನಿಮಗೆ. ಮೊದಲಿನಿಂದ ಆಫ್ ಇರುತ್ತೆ. ಬೇರೆ ವಿಳಾಸಗಳಿದ್ದರೆ ‘ಆಲ್ಟರ್ನೇಟ್ಸ್’ ಸಾಲಿನಲ್ಲಿ ಬರೆಯಿರಿ.

ಈ ನಾಲ್ಕರಲ್ಲಿ ಯಾವುದೇ ಆದರೂ ರಿಪ್ಲೈ ಜೊತೆ ಅಟ್ಯಾಚ್‌ಮೆಂಟ್ ತಾನಾಗಿ ಹೋಗುವುದಿಲ್ಲ. ‘ಕೊಟೇಶನ್ ಕೆಳಗಿದೆ’ ಎಂದು ಬರೆದು ಪಿಡಿಎಫ್ ಇಲ್ಲದೆ ಕಳಿಸುವುದು ಈ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು. ಕೊಟೇಶನ್‌ನ ಅಂಕಿಗಳನ್ನು ಮೊದಲ ಸಲವೇ ಮೇಲ್‌ನ ಬರಹದೊಳಗೆ ಟೈಪ್ ಮಾಡಿದ್ದರೆ ರಿಪ್ಲೈನಲ್ಲಿ ಅವು ತಾವೇ ಬರುತ್ತವೆ, ಪಿಡಿಎಫ್ ಮರೆತರೂ ನಡೆಯುತ್ತೆ. ಪಿಡಿಎಫ್ ಬೇಕೇಬೇಕು ಎಂದರೆ ಮತ್ತೆ ಸೇರಿಸಿ. ನೆನಪೋಲೆ ಹೀಗಿದ್ದರೆ ಸಾಕು:

‘ನಮಸ್ಕಾರ ಸರ್. ಸೋಮವಾರದ ಕೊಟೇಶನ್ ಕೆಳಗಿದೆ, ಪಿಡಿಎಫ್ ಮತ್ತೆ ಸೇರಿಸಿದೆ. ಒಂದು ತಿದ್ದುಪಡಿ: 160 ಕ್ವಿಂಟಲ್ ಬದಲು 200 ಕ್ವಿಂಟಲ್ ಕೊಡಬಹುದು, ತೇವಾಂಶ ಶೇ 14ರೊಳಗೆ. ಶನಿವಾರದೊಳಗೆ ತಿಳಿಸಿದರೆ ಲಾರಿ ಹೇಳಿಡುತ್ತೇವೆ.’

ರಿಪ್ಲೈ ಒತ್ತುವ ಮೊದಲು ಇನ್‌ಬಾಕ್ಸ್, ಸ್ಪ್ಯಾಮ್ ಎರಡರಲ್ಲೂ ‘ಮೇಲರ್-ಡೀಮನ್’ ಹೆಸರಿನಲ್ಲಿ ವಾಪಸ್ ಬಂದದ್ದು ಇದೆಯೇ ನೋಡಿ. ವಿಳಾಸದಲ್ಲಿ ಅಕ್ಷರ ತಪ್ಪಿ ಮೊದಲ ಮೇಲ್ ತಲುಪೇ ಇರದಿದ್ದರೆ, ಅದಕ್ಕೆ ಕೊಟ್ಟ ರಿಪ್ಲೈ ಆ ತಪ್ಪು ವಿಳಾಸವನ್ನೇ ನಕಲು ಮಾಡುತ್ತೆ. ಎಷ್ಟು ನೆನಪಿಸಿದರೂ ತಪ್ಪು ವಿಳಾಸಕ್ಕೇ ಹೋಗುತ್ತೆ, ಪಾರ್ಟಿ ಉತ್ತರ ಕೊಡುತ್ತಿಲ್ಲ ಎಂಬ ಬೇಸರ ಬೇರೆ. ಹಾಗೆಯೇ ಪಾರ್ಟಿ ಈಗಾಗಲೇ ಏನಾದರೂ ಬರೆದಿದ್ದರೆ ನಿಮ್ಮ ಹಳೇ ಮೇಲ್ ಬಿಟ್ಟು ಅವರ ಆ ಮೇಲ್‌ಗೇ ರಿಪ್ಲೈ ಕೊಡಿ, ಇಲ್ಲದಿದ್ದರೆ ಎಳೆ ಕವಲೊಡೆಯುತ್ತೆ.

ಆಡಿಟರ್ ಆಫೀಸುಗಳು ಮತ್ತೊಂದು ರೀತಿಯಲ್ಲಿ ಸಿಕ್ಕಿಬೀಳುತ್ತವೆ. 40 ಪಾರ್ಟಿಗಳಿಗೆ ಒಟ್ಟಿಗೆ ಕಳಿಸುವಾಗ ಟುನಲ್ಲಿ ಆಫೀಸಿನದೇ ವಿಳಾಸ, ಬಿಸಿಸಿಯಲ್ಲಿ ಪಾರ್ಟಿಗಳು. ಒಬ್ಬರಿಗೆ ಇನ್ನೊಬ್ಬರು ಕಾಣಬಾರದು ಎಂಬ ಉದ್ದೇಶ ಸರಿಯೇ. ಆದರೆ ಅಂಥ ಮೇಲ್‌ಗೆ ರಿಪ್ಲೈ ಕೊಟ್ಟರೆ ಜಿಮೇಲ್ ಆಗಲಿ, ಥಂಡರ್‌ಬರ್ಡ್ ಆಗಲಿ, ಟುನಲ್ಲಿದ್ದ ಆಫೀಸಿನ ವಿಳಾಸಕ್ಕೇ ತೆರೆಯುತ್ತವೆ. ಇಂಥಲ್ಲಿ ರಿಪ್ಲೈ ದಾರಿಯೇ ಬೇಡ. ಬಿಲ್ ಕಳಿಸದವರ ಪಟ್ಟಿ ಮಾಡಿಕೊಂಡು, ಎಡಿಟ್ ಆ್ಯಸ್ ನ್ಯೂ ಅಥವಾ ರೀಸೆಂಡ್‌ನಿಂದ ತೆರೆದು, ಬಿಸಿಸಿ ಸಾಲನ್ನು ಬಿಡಿಸಿ ಒಂದೊಂದು ಹೆಸರನ್ನೂ ಕಣ್ಣಿನಿಂದ ನೋಡಿ. ಬಿಲ್ ಕೊಟ್ಟವರನ್ನು ತೆಗೆಯಿರಿ. ಬಿಸಿಸಿಯಲ್ಲಿದ್ದವರು ಅಪ್ಪಿತಪ್ಪಿ ಟುಗೋ ಸಿಸಿಗೋ ಬಂದರೆ ಯಾರ್ಯಾರು ನಿಮ್ಮ ಗಿರಾಕಿಗಳು ಎಂಬುದು ಎಲ್ಲರಿಗೂ ತಿಳಿಯುತ್ತೆ.

ನಮ್ಮ ಆಯ್ಕೆ ಇಷ್ಟು: ಒಂದೇ ವಿಳಾಸದ ಅಂಗಡಿಗೆ ಜಿಮೇಲ್, ಮೂರ್ನಾಲ್ಕು ವಿಳಾಸದವರಿಗೆ ಮೇಲೆ ಹೇಳಿದ ಸೆಟ್ಟಿಂಗ್‌ಗಳನ್ನು ಬದಲಿಸಿದ ಥಂಡರ್‌ಬರ್ಡ್. ಔಟ್‌ಲುಕ್‌ಗೆ ಈಗಾಗಲೇ ದುಡ್ಡು ಕೊಟ್ಟಿರುವ ಆಫೀಸು ಇದೊಂದಕ್ಕಾಗಿ ಅದನ್ನು ಬಿಡಬೇಕಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ‘ಸೆಂಟ್‌ನಲ್ಲಿ ರಿಪ್ಲೈ ಆಲ್’ ಎಂದು ಮೊದಲ ದಿನವೇ ಹೇಳಿಕೊಟ್ಟರೆ ಆಯಿತು.

ನಿಮ್ಮ ಕಂಪ್ಯೂಟರಿನಲ್ಲಿ ಏನಾಗುತ್ತೆ ಎಂದು ತಿಳಿಯಲು ಐದು ನಿಮಿಷ ಸಾಕು. ಮನೆಯವರ ಯಾವುದಾದರೂ ವಿಳಾಸಕ್ಕೆ ಮೂರು ಮೇಲ್ ಕಳಿಸಿ: ಒಂದು ಸಾದಾ, ಒಂದು ನಿಮ್ಮನ್ನೇ ಸಿಸಿಯಲ್ಲಿ ಹಾಕಿ, ಒಂದು ನಿಮ್ಮ ಎರಡನೇ ವಿಳಾಸದಿಂದ. ಸೆಂಟ್‌ನಲ್ಲಿ ಒಂದೊಂದನ್ನೇ ತೆರೆದು ರಿಪ್ಲೈ, ಆಮೇಲೆ ರಿಪ್ಲೈ ಆಲ್ ಒತ್ತಿ, ಟು ಸಾಲಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಯಾವುದನ್ನೂ ಕಳಿಸಬೇಡಿ, ಡ್ರಾಫ್ಟ್‌ನಲ್ಲಿ ಉಳಿದವನ್ನು ಅಳಿಸಿ, ಚೀಟಿಯನ್ನು ಮಾನಿಟರ್ ಪಕ್ಕ ಅಂಟಿಸಿ.